ಮಾಸ್ಟರ್ ಮಟ್ಟದ ರಿಟ್ರೀವರ್ ಪರೀಕ್ಷೆ: ರೂಪಿಸುವ ಮತ್ತು ಅಂಕ ಕೊಡುವ ಬಗೆ

ಅಮೆರಿಕನ್ ಕೆನಲ್ ಕ್ಲಬ್ 1985ರಲ್ಲಿ ಆರಂಭಿಸಿದ, ಬೇಟೆಯಲ್ಲಿ ಬಿದ್ದ ಹಕ್ಕಿಯನ್ನು ಹುಡುಕಿ ತರುವ ರಿಟ್ರೀವರ್ ನಾಯಿಗಳ ಹಂಟ್ ಟೆಸ್ಟ್‌ಗಳಲ್ಲಿ ಜೂನಿಯರ್, ಸೀನಿಯರ್, ಮಾಸ್ಟರ್ ಎಂಬ ಮೂರು ಮಟ್ಟಗಳಿವೆ. ಫೀಲ್ಡ್ ಟ್ರಯಲ್‌ನಲ್ಲಿರುವಂತೆ ಇಲ್ಲಿ ನಾಯಿ ನಾಯಿಗಳ ನಡುವೆ ಪೈಪೋಟಿ ಇಲ್ಲ. ನಿಗದಿತ ಮಟ್ಟ ಮುಟ್ಟಿದ ನಾಯಿಗಳೆಲ್ಲವೂ ತೇರ್ಗಡೆಯಾಗುತ್ತವೆ. ಆದ್ದರಿಂದ ಎಷ್ಟು ನಾಯಿಗಳನ್ನು ಹೊರಗಿಡಬಹುದು ಎಂಬ ಲೆಕ್ಕದಿಂದ ಪರೀಕ್ಷೆ ರೂಪಿಸಲು ಹೊರಟ ತೀರ್ಪುಗಾರರು ಮೊದಲ ಹೆಜ್ಜೆಯಲ್ಲೇ ಎಡವಿರುತ್ತಾರೆ. ನಾಯಿ ಏನು ಬಲ್ಲದು, ಏನನ್ನು ಅರಿಯದು ಎಂಬುದು ನೋಡುವವರ ಕಣ್ಣಿಗೆ ಕಾಣುವಂತೆ ಪರೀಕ್ಷೆ ಇರಬೇಕು.

ಜಾಗಕ್ಕೆ ಹೋದ ಕೂಡಲೇ, ಗುಂಡೇಟಿಗೆ ಬಿದ್ದಂತೆ ಕಾಣಲು ಹಕ್ಕಿ ಎಸೆಯುವವರನ್ನು ನಿಲ್ಲಿಸಲು ಆತುರಪಡಬೇಡಿ. ನಿಜವಾದ ಬೇಟೆಗಾರ ಎಲ್ಲಿ ಅಡಗಿ ಕೂರುತ್ತಿದ್ದ, ಬಾತುಕೋಳಿ ಯಾವ ಕಡೆಯಿಂದ ಹಾರಿ ಬರುತ್ತಿತ್ತು, ಗುಂಡು ತಗಲಿದರೆ ಎಲ್ಲಿ ಬೀಳುತ್ತಿತ್ತು ಎಂಬುದನ್ನು ಮೊದಲು ಯೋಚಿಸಿ, ಆನಂತರ ಗಾಳಿಯ ದಿಕ್ಕು ನೋಡಿ, ಕೊನೆಗೆ ಮೊಣಕಾಲೂರಿ ಕುಳಿತು ನಾಯಿಯ ಕಣ್ಣಿನ ಎತ್ತರದಿಂದ ಎಲ್ಲವನ್ನೂ ಮತ್ತೊಮ್ಮೆ ಪರಿಶೀಲಿಸಿ. ನಿಂತಾಗ ಸ್ಪಷ್ಟವಾಗಿ ಕಂಡ ಹಕ್ಕಿ ಕುಳಿತಾಗ ಹುಲ್ಲಿನ ಹಿಂದೆ ಮರೆಯಾಗುವುದು ಸಾಮಾನ್ಯ.

ಹಕ್ಕಿ ಬೀಳುವುದನ್ನು ನಾಯಿ ಕಣ್ಣಾರೆ ಕಂಡು ನೆನಪಿಟ್ಟುಕೊಂಡು ತರುವುದು ಮಾರ್ಕ್. ನಾಯಿ ಕಾಣದ ಹಕ್ಕಿಯ ಬಳಿಗೆ ಹ್ಯಾಂಡ್ಲರ್ (ನಾಯಿಯನ್ನು ನಡೆಸುವವರು) ಸೀಟಿ ಮತ್ತು ಕೈಸನ್ನೆಗಳಿಂದ ಅದನ್ನು ಕಳಿಸುವುದು ಬ್ಲೈಂಡ್. ಮಾಸ್ಟರ್ ಮಟ್ಟದಲ್ಲಿ ನೆಲದ ಮೇಲೂ ನೀರಿನಲ್ಲೂ ಒಂದಕ್ಕಿಂತ ಹೆಚ್ಚು ಹಕ್ಕಿಗಳ ಮಾರ್ಕ್‌ಗಳು, ಎರಡೂ ಕಡೆ ಬ್ಲೈಂಡ್‌ಗಳು, ಜೊತೆಗೆ ಇನ್ನೊಂದು ನಾಯಿ ಕೆಲಸ ಮಾಡುವಾಗ ಅಲುಗಾಡದೆ ಕೂರುವ ಹಾನರ್ ಇರುತ್ತವೆ. ಮಾರ್ಕ್‌ನ ದೂರ ಸಾಮಾನ್ಯವಾಗಿ 150 ಗಜ, ಅಂದರೆ ಸುಮಾರು 137 ಮೀಟರ್ ದಾಟಬಾರದು. ದೂರ ಹೆಚ್ಚಿಸಿ ಕಷ್ಟ ತರುವುದು ಸುಲಭದ ದಾರಿ. ಜಾಣ್ಮೆಯ ದಾರಿಯಂತೂ ಅಲ್ಲ.

ಒಂದು ಉದಾಹರಣೆ ನೋಡೋಣ. ಎಡಕ್ಕೆ 120 ಗಜದಲ್ಲಿ ಮೊದಲ ಹಕ್ಕಿ, ಬಲಕ್ಕೆ 60 ಗಜದಲ್ಲಿ ಕೊನೆಯ ಹಕ್ಕಿ. ಮೊದಲ ಹಕ್ಕಿಯ ದಾರಿಗೆ ಓರೆಯಾಗಿ ಎತ್ತರದ ಹುಲ್ಲಿನ ಪಟ್ಟಿ. ಕೊನೆಯ ಹಕ್ಕಿಯನ್ನು ತಂದೊಪ್ಪಿಸಿದ ನಾಯಿ ಈಗ ಎಡಕ್ಕೆ ತಿರುಗಿ ಮೊದಲನೆಯದನ್ನು ನೆನಪಿಸಿಕೊಳ್ಳಬೇಕು. ನೆನಪು ಗಟ್ಟಿಯಾಗಿದ್ದರೆ ಅದು ಓರೆಯಾಗಿಯೇ ಹುಲ್ಲಿಗೆ ನುಗ್ಗಿ ಅದೇ ನೇರದಲ್ಲಿ ಹೊರಬರುತ್ತದೆ. ಇಲ್ಲದಿದ್ದರೆ ಹುಲ್ಲಿನ ಅಂಚು ಹಿಡಿದು ಓಡಿ, ಹಕ್ಕಿಯಿಂದ ದೂರ ಸರಿದು ಹುಡುಕಲಾರಂಭಿಸುತ್ತದೆ. ವ್ಯತ್ಯಾಸ ಇಬ್ಬರು ತೀರ್ಪುಗಾರರಿಗೂ ಒಂದೇ ರೀತಿ ಕಾಣುತ್ತದೆ. ಇದಕ್ಕೆ ಬದಲಾಗಿ ಎರಡು ಹಕ್ಕಿಗಳನ್ನು ತೀರಾ ಅಕ್ಕಪಕ್ಕ ಬೀಳಿಸಿದರೆ, ನಾಯಿ ಹೊಸದನ್ನು ಹುಡುಕುತ್ತಿದೆಯೋ ಹಳೆಯ ಜಾಗಕ್ಕೆ ಮರಳಿದೆಯೋ ಎಂದು ಯಾರೂ ಹೇಳಲಾರರು. ಆಗ ಅಂಕ ಬರೀ ಊಹೆಯಾಗುತ್ತದೆ.

ಎಣಿಕೆಗೆ ಸೇರದ ಒಂದು ನಾಯಿಯನ್ನು ಮೊದಲು ಓಡಿಸಿ ನೋಡಿ. ಸಮಯದ ಲೆಕ್ಕವೂ ಅಲ್ಲೇ ಸಿಗುತ್ತದೆ: ನಾಯಿಯೊಂದಕ್ಕೆ 8 ನಿಮಿಷ ಹಿಡಿದರೆ 60 ನಾಯಿಗಳಿಗೆ 8 ಗಂಟೆ. ಅಷ್ಟು ಹೊತ್ತಿನಲ್ಲಿ ಸೂರ್ಯ ಆಕಾಶದ ಈ ಬದಿಯಿಂದ ಆ ಬದಿಗೆ ಸರಿದಿರುತ್ತಾನೆ. ಬೆಳಿಗ್ಗೆ ಪೂರ್ವಕ್ಕೆ ಮುಖ ಮಾಡಿ ಪರೀಕ್ಷೆ ಶುರುಮಾಡಿದರೆ ಮೊದಲ ಸರದಿಯ ನಾಯಿಗಳ ಕಣ್ಣು ಕುಕ್ಕುತ್ತದೆ, ಮಧ್ಯಾಹ್ನದ ನಾಯಿಗಳಿಗೆ ಆ ತೊಂದರೆಯೇ ಇಲ್ಲ. ಎಸೆತ ತಪ್ಪಿ ಹಕ್ಕಿ ಬೇರೆಡೆ ಬಿದ್ದರೆ ಆ ನಾಯಿಯನ್ನು ಹಿಂದಕ್ಕೆ ಕರೆಸಿ, ಕೆಲವು ನಾಯಿಗಳ ಸರದಿ ಮುಗಿದ ಮೇಲೆ ಮತ್ತೆ ಅವಕಾಶ ಕೊಡಿ.

ಅಂಕ 0ಯಿಂದ 10ರವರೆಗೆ. ಮಾರ್ಕಿಂಗ್, ಶೈಲಿ, ಛಲ, ತರಬೇತಿಗೆ ಒಗ್ಗುವ ಗುಣ ಎಂಬ ನಾಲ್ಕು ಸಾಮರ್ಥ್ಯಗಳಲ್ಲಿ ಪ್ರತಿಯೊಂದರಲ್ಲೂ ಸರಾಸರಿ ಕನಿಷ್ಠ 5, ಒಟ್ಟಾರೆ ಸರಾಸರಿ ಕನಿಷ್ಠ 7 ಬಂದರೆ ತೇರ್ಗಡೆ. ಮೊದಲ ನಾಯಿ ಬರುವ ಮುಂಚೆಯೇ ಪ್ರತಿ ಹಕ್ಕಿ ಬೀಳುವ ವಲಯ ಎಷ್ಟೆಂದು ಇಬ್ಬರೂ ಮಾತಾಡಿಕೊಳ್ಳಿ. ದೂರದ, ಮೊದಲು ಬಿದ್ದ ಹಕ್ಕಿಗೆ ಹಿರಿದಾದ ವಲಯ, ಹತ್ತಿರದ ಕೊನೆಯ ಹಕ್ಕಿಗೆ ಕಿರಿದಾದ ವಲಯ. ವಲಯದೊಳಗೆ ಬಂದು ಪಟ್ಟು ಹಿಡಿದು ಮೂಸಿ ಹುಡುಕುವ ನಾಯಿಯ ಅಂಕ ಕಡಿಯಬೇಡಿ. ಇಡೀ ಮೈದಾನ ಸುತ್ತಿ ಅದೃಷ್ಟದಿಂದ ಹಕ್ಕಿ ಸಿಕ್ಕಿದ ನಾಯಿ ಬೇರೆ ಬಗೆಯದು.

ಬ್ಲೈಂಡ್‌ನಲ್ಲಿ ಹಕ್ಕಿ ಸಿಕ್ಕಿತೇ ಎಂಬುದಷ್ಟೇ ಸಾಲದು. ನಾಲ್ಕು ಬಾರಿ ಸೀಟಿ ಊದಿದರೂ ನಿಲ್ಲದೆ, ಗಾಳಿಯಲ್ಲಿ ವಾಸನೆ ಹಿಡಿದು ಹಕ್ಕಿ ಎತ್ತಿಕೊಂಡ ನಾಯಿ ಕೆಲಸ ಮುಗಿಸಿದೆ, ಮಾತು ಕೇಳಿಲ್ಲ. ಹಕ್ಕಿಯನ್ನು ಜಜ್ಜಿದೆ ಎಂಬ ಅನುಮಾನ ಬಂದರೆ ಇಬ್ಬರೂ ಅದನ್ನು ಕೈಯಲ್ಲಿ ಹಿಡಿದು ನೋಡಿ, ಗುಂಡಿನಿಂದಾದ ಗಾಯವೇ ಎಂದು ವಿಚಾರಿಸಿ, ಆಮೇಲೆ ತೀರ್ಮಾನಿಸಬೇಕು.

ಅಂಕದ ಹಾಳೆಯಲ್ಲಿ ಸಂಖ್ಯೆ ಮಾತ್ರ ಬರೆಯುವ ಬದಲು ನಾಯಿ ಓಡಿದ ದಾರಿಯನ್ನೂ ಪೆನ್ಸಿಲ್‌ನಲ್ಲಿ ಗೀಚಿ, ಸೀಟಿಗೆ ನಿಂತ ಕಡೆ ಒಂದು ಚುಕ್ಕೆ, ನಿಲ್ಲದ ಕಡೆ ಒಂದು ಅಡ್ಡಗೆರೆ ಹಾಕುತ್ತಾ ಹೋಗಿ. ಸಂಜೆ ಹ್ಯಾಂಡ್ಲರ್ ಬಂದು ನಾಯಿ ಏಕೆ ಉಳಿಯಲಿಲ್ಲ ಎಂದು ಕೇಳಿದಾಗ ಆ ಹಾಳೆಯನ್ನು ಅವರ ಮುಂದೆ ಬಿಡಿಸಿ ತೋರಿಸಬಹುದು.