ಬೇ ಏರಿಯಾದಿಂದ ಮಾಂಟರೇವರೆಗೆ: ನಿಮ್ಮ ಆಟಕ್ಕೆ ತಕ್ಕ ಸಾರ್ವಜನಿಕ ಗಾಲ್ಫ್ ಕೋರ್ಸ್ ಆರಿಸುವ ಬಗೆ

ಬೆಂಗಳೂರಿನಲ್ಲಿ ಗಾಲ್ಫ್ ಆಡಬೇಕೆಂದರೆ ಬಹುಮಟ್ಟಿಗೆ ಕ್ಲಬ್ ಸದಸ್ಯತ್ವ ಬೇಕು, ಇಲ್ಲವೇ ಸದಸ್ಯರೊಬ್ಬರ ಪರಿಚಯ ಬೇಕು. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಹಾಗಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ, ಸ್ಯಾನ್ ಹೋಸೆ, ಪಾಲೋ ಆಲ್ಟೋದಂಥ ಊರುಗಳಲ್ಲಿ ನಗರಾಡಳಿತವೇ ಕೋರ್ಸ್ ಇಟ್ಟುಕೊಂಡಿದೆ, ಹಣ ಕಟ್ಟಿದ ಯಾರಾದರೂ ಆಡಬಹುದು. ಬೇ ಏರಿಯಾದಲ್ಲಿ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ಸನ್ನಿವೇಲ್, ಫ್ರೀಮಾಂಟ್ ಕಡೆಯಲ್ಲಿರುವ ಕನ್ನಡಿಗರಿಗೆ ಇವೆಲ್ಲ ಕಾರಿನಲ್ಲಿ ಬೆಳಗ್ಗೆ ಹೋಗಿ ಸಂಜೆ ಮನೆ ಸೇರುವಷ್ಟು ಹತ್ತಿರ. ಆದರೆ ಯಾವುದಕ್ಕೆ ಹೋಗಲಿ ಎಂದು ಕೇಳಿದರೆ ಸಿಗುವ ಉತ್ತರಗಳೆಲ್ಲ ಹೆಸರಿನ ಸುತ್ತಲೇ ಸುತ್ತುತ್ತವೆ. ಒಂದೇ ಕೋರ್ಸ್ ಬೆಳಗ್ಗೆ ಏಳಕ್ಕೆ ಒಂದು ಥರ, ಮಧ್ಯಾಹ್ನ ಮೂರಕ್ಕೆ ಇನ್ನೊಂದು ಥರ. ಮುಂದಿನ ಟೀಯಿಂದ (ಮೊದಲ ಹೊಡೆತ ಹೊಡೆಯುವ ಜಾಗ) ಹಗುರ, ಹಿಂದಿನ ಟೀಯಿಂದ ಭಾರ. ಹಾಗಾಗಿ ನೀವು ಹೋಗುವ ಹೊತ್ತಿಗೆ, ನೀವು ಹೊಡೆಯುವ ಟೀಯಿಂದ ಅಲ್ಲಿ ಏನು ಸಿಗುತ್ತದೆ ಎಂಬುದನ್ನು ಲೆಕ್ಕ ಹಾಕಿ ಹೋಲಿಸಬೇಕು.

ಮೊದಲು ಸ್ಕೋರ್‌ಕಾರ್ಡ್ ಓದಿ

ಪ್ರತಿ ಕೋರ್ಸಿನ ಸ್ಕೋರ್‌ಕಾರ್ಡ್ ಅದರ ವೆಬ್‌ಸೈಟಿನಲ್ಲೇ ಇರುತ್ತದೆ. ಅದರಲ್ಲಿ ಪ್ರತಿ ಟೀ ಬಣ್ಣದ ಮುಂದೆ 70.2/128 ಎಂಬಂತೆ ಎರಡು ಅಂಕಿ ಕಾಣುತ್ತವೆ. ಮೊದಲನೆಯದು ಕೋರ್ಸ್ ರೇಟಿಂಗ್: ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ತೋರಿಸುವ ಅಂಕಿ, ಕಮ್ಮಿಯಿದ್ದಷ್ಟೂ ಒಳ್ಳೆಯ ಆಟ) ಸೊನ್ನೆಯಿರುವ ಆಟಗಾರ ಅಲ್ಲಿ ಎಷ್ಟು ಹೊಡೆತಕ್ಕೆ ಮುಗಿಸಬಹುದು ಎಂಬ ಅಂದಾಜು. ಎರಡನೆಯದು ಸ್ಲೋಪ್: ಆ ಆಟಗಾರನಿಗೆ ಹೋಲಿಸಿದರೆ ಸಾಧಾರಣ ಆಟಗಾರ ಎಷ್ಟು ಹೆಚ್ಚು ಕಷ್ಟಪಡುತ್ತಾನೆ ಎಂಬ ಅಳತೆ. ಸ್ಲೋಪ್ 55ರಿಂದ 155ರವರೆಗೆ ಇರಬಹುದು, 113ನ್ನು ನಡುಮಟ್ಟ ಎಂದು ಹಿಡಿಯುತ್ತಾರೆ. ಹ್ಯಾಂಡಿಕ್ಯಾಪ್ 20ರ ಆಸುಪಾಸಿನವರು ನೋಡಬೇಕಾದ್ದು ಮುಖ್ಯವಾಗಿ ಈ ಎರಡನೆಯ ಅಂಕಿಯನ್ನು.

ಒಂದು ಕೋರ್ಸಿನಲ್ಲಿ ನಿಮಗೆ ಸಿಗುವ ಹೆಚ್ಚುವರಿ ಹೊಡೆತಗಳ ಲೆಕ್ಕ ಹೀಗೆ: ನಿಮ್ಮ ಹ್ಯಾಂಡಿಕ್ಯಾಪ್ ಇಂಡೆಕ್ಸನ್ನು ಸ್ಲೋಪಿನಿಂದ ಗುಣಿಸಿ, 113ರಿಂದ ಭಾಗಿಸಿ, ಅದಕ್ಕೆ ಕೋರ್ಸ್ ರೇಟಿಂಗಿನಿಂದ ಪಾರ್ (ಕೋರ್ಸಿಗೆ ನಿಗದಿಯಾದ ಹೊಡೆತಗಳ ಸಂಖ್ಯೆ) ಕಳೆದು ಬಂದದ್ದನ್ನು ಕೂಡಿಸಿ. ಇಂಡೆಕ್ಸ್ 22 ಇದ್ದು, ಸ್ಲೋಪ್ 130, ರೇಟಿಂಗ್ 70, ಪಾರ್ 72 ಇದ್ದರೆ 25.3ರಲ್ಲಿ 2 ಕಳೆದು ಸುಮಾರು 23 ಬರುತ್ತದೆ. ಅದೇ ಆಟಗಾರನಿಗೆ ಸ್ಲೋಪ್ 113, ರೇಟಿಂಗ್ 67, ಪಾರ್ 70 ಇರುವ ಕಡೆ 19. ಇವನ್ನು ಪಾರ್‌ಗೆ ಕೂಡಿಸಿ ನೋಡಿ: ಮೊದಲನೆಯದರಲ್ಲಿ 95 ಹೊಡೆದರೂ ಎರಡನೆಯದರಲ್ಲಿ 89 ಹೊಡೆದರೂ ಆಟ ಒಂದೇ ಮಟ್ಟದ್ದು.

ಟೀ ಆರಿಸಲು ಬೇರೆ ಸೂತ್ರವಿದೆ. ನಿಮ್ಮ 5-ಐರನ್ (ಕ್ಲಬ್, ಅಂದರೆ ಹೊಡೆಯುವ ಕೋಲುಗಳಲ್ಲಿ ಒಂದು) ಸಾಮಾನ್ಯವಾಗಿ ಎಷ್ಟು ಗಜ ಹೋಗುತ್ತದೋ ಅದನ್ನು 36ರಿಂದ ಗುಣಿಸಿ. 150 ಗಜ ಹೋದರೆ 5,400 ಗಜ. ಅದಕ್ಕೆ ಹತ್ತಿರದ ಟೀ ನಿಮ್ಮದು. ದಿನದ ಅತ್ಯುತ್ತಮ ಹೊಡೆತವನ್ನು ಲೆಕ್ಕಕ್ಕೆ ತರಬೇಡಿ, ಹತ್ತರಲ್ಲಿ ಆರು ಸಲ ಎಲ್ಲಿ ಬೀಳುತ್ತದೆ ಎಂದು ನೋಡಿ. ಹಿಂದಿನ ಟೀಗೆ ಹೋಗಿ 6,500 ಗಜ ಆಡುವವರು ಪ್ರತಿ ಪಾರ್-4ರಲ್ಲೂ (ನಾಲ್ಕು ಹೊಡೆತ ನಿಗದಿಯಾದ ಹೋಲ್) ಗ್ರೀನಿಗೆ, ಅಂದರೆ ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲಿಗೆ, ದೂರ ಹೊಡೆಯುವ ಕ್ಲಬ್ ಆದ ಫೇರ್‌ವೇ ವುಡ್ ಹಿಡಿಯಬೇಕಾಗುತ್ತದೆ. ಕೋರ್ಸ್ ಕಟ್ಟಿದವನು ಯೋಚಿಸಿ ಇಟ್ಟ ಬಂಕರು (ಮರಳಿನ ಗುಂಡಿ), ಇಳಿಜಾರು ಯಾವುದೂ ಅವರ ಆಟಕ್ಕೆ ಬರುವುದೇ ಇಲ್ಲ.

ಹೊತ್ತು, ಹವೆ, ಹುಲ್ಲು

ಕರಾವಳಿಯ ಕೋರ್ಸ್‌ಗಳಿಗೆ ಜೂನ್‌ನಿಂದ ಆಗಸ್ಟ್‌ವರೆಗೆ ಕಡಲ ಮಂಜು ಕವಿದಿರುತ್ತದೆ. ಒಳನಾಡಿನಲ್ಲಿ ಬಿಸಿಲು ಸುಡುವಾಗ ಅಲ್ಲಿ 15 ಡಿಗ್ರಿ ಇರುವುದು ಮಾಮೂಲು. ತಣ್ಣನೆಯ ಗಾಳಿ ಹೆಚ್ಚು ಸಾಂದ್ರ, ಚೆಂಡೂ ತಣ್ಣಗಾಗಿ ಅಷ್ಟು ಚುರುಕಾಗಿ ಪುಟಿಯದು. 7-ಐರನ್ ಸಾಕೆನಿಸುವ ಕಡೆ 6 ತೆಗೆಯಿರಿ (ಅಂಕಿ ಕಮ್ಮಿಯಾದಷ್ಟೂ ಚೆಂಡು ದೂರ ಹೋಗುತ್ತದೆ). ಎದುರುಗಾಳಿಯಿದ್ದರೆ 5. ಜೋರಾಗಿ ಬೀಸಲು ಹೋದರೆ ಸ್ಪಿನ್ ಹೆಚ್ಚಿ ಚೆಂಡು ಮೇಲೇರಿ ನಿಂತುಬಿಡುತ್ತದೆ, ಆದ್ದರಿಂದ ದೊಡ್ಡ ಕ್ಲಬ್ ಹಿಡಿದು ಮೆಲ್ಲಗೆ ಬೀಸುವುದೇ ಸರಿ. ಕರಾವಳಿ ನಿಜವಾಗಿ ತಿಳಿಯಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ.

ಇಲ್ಲಿನ ಹಳೆಯ ಗ್ರೀನ್‌ಗಳಲ್ಲಿ ಬೆಳೆದಿರುವುದು ಹೆಚ್ಚಾಗಿ ಪೋವಾ ಆನ್ಯುವಾ ಹುಲ್ಲು. ವಸಂತದಲ್ಲಿ ಇದು ಸಣ್ಣ ಬೀಜದ ತೆನೆ ಬಿಡುತ್ತದೆ. ಬೆಳಗ್ಗೆ ಕತ್ತರಿಸಿದ್ದು ಮಧ್ಯಾಹ್ನದೊಳಗೆ ಒಂದೊಂದು ಕಡೆ ಒಂದೊಂದು ಎತ್ತರಕ್ಕೆ ಬೆಳೆದಿರುತ್ತದೆ, ಮೇಲೆ ನೂರಾರು ಜನರ ಹೆಜ್ಜೆ ಬೇರೆ. ನಾಲ್ಕು ಅಡಿಯ ಪಟ್ (ಗ್ರೀನ್ ಮೇಲೆ ಚೆಂಡನ್ನು ಉರುಳಿಸುವ ಹೊಡೆತ) ಕುಣಿದು ಪಕ್ಕಕ್ಕೆ ಸರಿಯುವುದು ಇದರಿಂದಲೇ. ಸಂಜೆಯ ಟ್ವೈಲೈಟ್ ದರ ಅಗ್ಗ, ನಿಜ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಅಗ್ಗಕ್ಕೆ ಸಿಗುವುದು ಇಂಥ ಗ್ರೀನ್ ಎಂದು ತಿಳಿದೇ ಹೋಗಿ. ಆಗ ಸಣ್ಣ ಪಟ್‌ಗಳನ್ನು ಸ್ವಲ್ಪ ಗಟ್ಟಿಯಾಗಿ, ನೇರವಾಗಿ ತಳ್ಳಿ.

ಬುಕ್ ಮಾಡುವ ಮುಂಚೆ ಪ್ರೋ ಶಾಪಿಗೆ (ಕೋರ್ಸಿನ ಅಂಗಡಿ) ಫೋನ್ ಮಾಡಿ, ಗ್ರೀನ್ ಏರೇಶನ್ ಯಾವಾಗ ಎಂದು ಕೇಳಿ. ಸಾಮಾನ್ಯವಾಗಿ ವಸಂತದಲ್ಲೊಮ್ಮೆ, ಶರತ್ಕಾಲದಲ್ಲೊಮ್ಮೆ ಗ್ರೀನ್ ತುಂಬ ತೂತು ಹೊಡೆದು ಮರಳು ತುಂಬುತ್ತಾರೆ. ಹುಲ್ಲಿನ ಆರೋಗ್ಯಕ್ಕೆ ಅದು ಬೇಕೇ ಬೇಕು, ಆದರೆ ಮುಂದಿನ ಎರಡು ವಾರ ಪಟಿಂಗ್ ಲಾಟರಿ. ಪೂರ್ತಿ ದರ ಕೊಟ್ಟು ಆ ವಾರ ಹೋಗಬೇಡಿ. ಮಳೆಗಾಲದಲ್ಲಿ, ಅಂದರೆ ನವೆಂಬರಿನಿಂದ ಮಾರ್ಚ್‌ವರೆಗೆ, ಇನ್ನೊಂದು ಪ್ರಶ್ನೆ ಸೇರಿಸಿ: ಕಾರ್ಟ್ (ಆಟಗಾರರು ಕೂತು ಸಾಗುವ ಚಿಕ್ಕ ಗಾಡಿ) ಹುಲ್ಲಿನ ಮೇಲೆ ಬಿಡುತ್ತಾರಾ? ಬಿಡದಿದ್ದರೆ ರಸ್ತೆಯಲ್ಲಿ ಕಾರ್ಟ್ ನಿಲ್ಲಿಸಿ ಚೆಂಡಿನವರೆಗೆ ನಾಲ್ಕು ಕ್ಲಬ್ ಹೊತ್ತು ಓಡಾಡಬೇಕು. ಅದಕ್ಕಿಂತ ಪುಶ್‌ಕಾರ್ಟ್ ತಳ್ಳಿಕೊಂಡು ನಡೆದರೆ ಬೇಗ ಮುಗಿಯುತ್ತದೆ.

ಕೋರ್ಸ್‌ಗಳು

ಹೊಸಬರಿಗೆ ಕ್ಯುಪರ್ಟಿನೋದ ಡೀಪ್ ಕ್ಲಿಫ್. 18 ಹೋಲ್, ಪಾರ್ 60, ಹೆಚ್ಚಿನವು ಪಾರ್-3. ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್) ಮನೆಯಲ್ಲೇ ಬಿಟ್ಟರೂ ನಡೆಯುತ್ತದೆ. ಅಲ್ಲಿ ಕೈ ಕುದುರಿದ ಮೇಲೆ ಸ್ಯಾನ್ ಹೋಸೆ ಮುನಿಸಿಪಲ್: ಸಮತಟ್ಟು ನೆಲ, ಅಗಲ ಫೇರ್‌ವೇ (ಟೀಯಿಂದ ಗ್ರೀನಿನವರೆಗಿನ ಕತ್ತರಿಸಿದ ಹುಲ್ಲಿನ ಹಾದಿ), ಪೂರ್ಣ ಉದ್ದದ ಕೋರ್ಸ್ ಅಭ್ಯಾಸವಾಗಲು ಸರಿಯಾದ ಜಾಗ.

ಪಾಲೋ ಆಲ್ಟೋದ ಬೇಲ್ಯಾಂಡ್ಸ್ 2018ರಲ್ಲಿ ಹೊಸದಾಗಿ ಕಟ್ಟಿ ತೆರೆದದ್ದು. ಕೊಲ್ಲಿಯ ಅಂಚಿನ ಉಪ್ಪುನೆಲವಾದ್ದರಿಂದ ಉಪ್ಪು ತಡೆಯುವ ಪ್ಯಾಸ್ಪಾಲಮ್ ಹುಲ್ಲು ಹಾಕಿದ್ದಾರೆ. ಮರಗಳು ಕಮ್ಮಿ, ಮಧ್ಯಾಹ್ನದ ಗಾಳಿಗೆ ತಡೆಯೇ ಇಲ್ಲ. ಬೆಳಗಿನ ಟೀ ಟೈಮ್ (ಆಟ ಶುರು ಮಾಡಲು ಕಾಯ್ದಿರಿಸಿದ ಹೊತ್ತು) ಹಿಡಿಯಿರಿ. ಅಲಮೀಡಾದ ಕೊರಿಕಾ ಪಾರ್ಕಿನ ಸೌತ್ ಕೋರ್ಸ್ ಕೂಡ ಕೋರ್ಸ್ ವಿನ್ಯಾಸಕ ರೀಸ್ ಜೋನ್ಸ್ ಕೈಯಲ್ಲಿ ಹೊಸ ರೂಪ ಪಡೆದು 2018ರಲ್ಲೇ ತೆರೆಯಿತು. ಇಡೀ ಕೋರ್ಸಿಗೆ ಮರಳಿನ ಪದರ ಹಾಸಿರುವುದರಿಂದ ನೀರು ಬೇಗ ಇಂಗುತ್ತದೆ. ಮಳೆ ನಿಂತ ಮರುದಿನ ಎಲ್ಲಿ ಆಡಲಿ ಎಂದರೆ ಇದೇ ಉತ್ತರ. ಚೆಂಡನ್ನು ನೆಲದ ಮೇಲೆ ಉರುಳಿಸಿ ಗ್ರೀನಿಗೆ ತಲುಪಿಸಲು ಕಲಿಯುವುದಕ್ಕೂ ಇದು ಒಳ್ಳೆಯದು. ಪ್ಯಾಸಿಫಿಕಾದ ಶಾರ್ಪ್ ಪಾರ್ಕ್ ಇದರ ತದ್ವಿರುದ್ಧ. 1932ರಲ್ಲಿ ಹೆಸರಾಂತ ವಿನ್ಯಾಸಕ ಅಲಿಸ್ಟರ್ ಮೆಕೆಂಜಿ ಕಟ್ಟಿದ ಕೋರ್ಸಿನಲ್ಲಿ ಮುನಿಸಿಪಲ್ ದರಕ್ಕೆ ಆಡುವ ಅವಕಾಶ, ಆದರೆ ತಗ್ಗು ನೆಲ, ಚಳಿಗಾಲದಲ್ಲಿ ನೀರು ನಿಲ್ಲುತ್ತದೆ. ಬೇಸಿಗೆಯ ಕೊನೆಗೆ ಇಟ್ಟುಕೊಳ್ಳಿ.

ಸ್ಯಾನ್ ಫ್ರಾನ್ಸಿಸ್ಕೋದ ಟಿಪಿಸಿ ಹಾರ್ಡಿಂಗ್ ಪಾರ್ಕ್ 1925ರದ್ದು, ನಗರದ ಸ್ವತ್ತು. ವೃತ್ತಿಪರರ ದೊಡ್ಡ ಪಂದ್ಯಾವಳಿಯಾದ ಪಿಜಿಎ ಚಾಂಪಿಯನ್‌ಶಿಪ್ 2020ರಲ್ಲಿ ಇಲ್ಲೇ ನಡೆಯಿತು. ಕಾಲಿನ್ ಮೊರಿಕಾವಾ ಕೊನೆಯ ದಿನ 16ನೇ ಹೋಲಿನಲ್ಲಿ ಡ್ರೈವರಿನಿಂದಲೇ ಗ್ರೀನ್ ಸೇರಿ ಈಗಲ್ (ಪಾರ್‌ಗಿಂತ ಎರಡು ಹೊಡೆತ ಕಮ್ಮಿ) ಹೊಡೆದು ಗೆದ್ದದ್ದು ಆ ಪಂದ್ಯ. ನಗರದ ನಿವಾಸಿಗಳಿಗೂ ಹೊರಗಿನವರಿಗೂ ದರದಲ್ಲಿ ಭಾರಿ ಅಂತರವಿದೆ. ನಿವಾಸಿಯಾಗಿದ್ದರೆ ರೆಸಿಡೆಂಟ್ ಕಾರ್ಡ್ ಮಾಡಿಸದೆ ಆಡುವುದು ಹಣ ಸುರಿದಂತೆಯೇ. ಸೈಪ್ರೆಸ್ ಮರಗಳ ನಡುವೆ ಸಿಕ್ಕಿಬಿದ್ದರೆ ಸಂದು ಹುಡುಕಬೇಡಿ, ಅಡ್ಡಕ್ಕೆ ಹೊಡೆದು ಫೇರ್‌ವೇಗೆ ಬನ್ನಿ. ಕೆರೆಯ ದಂಡೆಯಲ್ಲಿ ಸಾಗುವ ಕೊನೆಯ ಐದು ಹೋಲ್‌ಗಳಿಗಾಗಿ ಕಸುವು ಉಳಿಸಿಕೊಳ್ಳಿ. ಅದೇ ಆವರಣದಲ್ಲಿರುವ ಒಂಬತ್ತು ಹೋಲಿನ ಫ್ಲೆಮಿಂಗ್ ಮಕ್ಕಳೊಂದಿಗೆ ಹೋಗಲು ತಕ್ಕದ್ದು.

ದುಡ್ಡಿಗೆ ತಕ್ಕ ಆನಂದ ಎಂದರೆ ಮಾಂಟರೇ ಪಕ್ಕದ ಪೆಸಿಫಿಕ್ ಗ್ರೋವ್. ಪಾರ್ 70, ಸುಮಾರು 5,700 ಗಜ. ಮೊದಲೆರಡು ಹೋಲ್‌ಗಳೂ ಪಾರ್-3, ಹಾಗಾಗಿ ಮೈ ಬಿಸುಪೇರುವ ಮುಂಚೆಯೇ ಐರನ್ ನಿಖರವಾಗಿರಬೇಕು. ಪ್ರಾಕ್ಟೀಸ್‌ಗೆ ಅರ್ಧ ಗಂಟೆ ಮುಂಚೆ ತಲುಪಿ. ಮೊದಲ ಒಂಬತ್ತು ಮನೆಗಳ ನಡುವೆ ಹೋಗುತ್ತದೆ. 1960ರಲ್ಲಿ ಸೇರಿಸಿದ ಕೊನೆಯ ಒಂಬತ್ತು ಪಾಯಿಂಟ್ ಪಿನೋಸ್ ದೀಪಸ್ತಂಭದ ಸುತ್ತ, ಮರಳು ದಿಬ್ಬಗಳ ಮೇಲೆ. ಅದನ್ನು ಕಟ್ಟಿದ ಜಾಕ್ ನೆವಿಲ್ ಹತ್ತಿರದ ಹೆಸರಾಂತ ಪೆಬಲ್ ಬೀಚ್ ಕೋರ್ಸ್ ಕಟ್ಟಿದ ಇಬ್ಬರಲ್ಲಿ ಒಬ್ಬರು. ಇಲ್ಲಿನ ಅಪಾಯ ಐಸ್ ಪ್ಲಾಂಟ್. ಬೆರಳು ಗಾತ್ರದ, ನೀರು ತುಂಬಿದ ಎಲೆಗಳು ನೆಲಕ್ಕೆ ದಪ್ಪ ಚಾಪೆಯಂತೆ ಹೆಣೆದುಕೊಂಡಿರುತ್ತವೆ. ಚೆಂಡು ಮೇಲೆಯೇ ಕೂತಂತೆ ಕಂಡರೂ ಕ್ಲಬ್ಬಿನ ತಲೆ ದಂಟುಗಳಲ್ಲಿ ಸಿಕ್ಕಿ ತಿರುಚಿಕೊಳ್ಳುತ್ತದೆ, ಮಣಿಕಟ್ಟು ಉಳುಕುತ್ತದೆ. ಚೆಂಡು ಆಡಲಾಗದ ಸ್ಥಿತಿಯಲ್ಲಿದೆ ಎಂದು ಘೋಷಿಸಿ ಒಂದು ಹೊಡೆತದ ದಂಡ ತೆತ್ತು, ಎರಡು ಕ್ಲಬ್ ಉದ್ದದೊಳಗೆ ಹೋಲಿಗೆ ಹತ್ತಿರವಾಗದಂತೆ ಡ್ರಾಪ್ ಮಾಡಿ (ಚೆಂಡನ್ನು ಕೈಯಿಂದ ನೆಲಕ್ಕೆ ಬಿಡಿ). ಅಷ್ಟರಲ್ಲಿ ಐಸ್ ಪ್ಲಾಂಟ್ ಮುಗಿಯದಿದ್ದರೆ ಹೋಲ್ ಮತ್ತು ಚೆಂಡಿನ ನೇರಕ್ಕೆ ಹಿಂದೆ ಸರಿಯಿರಿ.

ವರ್ಷಕ್ಕೊಮ್ಮೆ ಕೈ ಬಿಚ್ಚುವುದಾದರೆ ಸಾಂಟಾ ಕ್ರೂಜಿನ ಪಾಸಾಟಿಯೆಂಪೋ. 1929ರಲ್ಲಿ ತೆರೆದ ಈ ಕೋರ್ಸ್ ಮೆಕೆಂಜಿಯದ್ದೇ, ಅವರು ಸಾಯುವವರೆಗೆ ಆರನೇ ಫೇರ್‌ವೇ ಪಕ್ಕದ ಮನೆಯಲ್ಲಿದ್ದರು. ಸದಸ್ಯರಿದ್ದರೂ ಹೊರಗಿನವರಿಗೂ ಟೀ ಟೈಮ್ ಕೊಡುತ್ತಾರೆ. ಇಲ್ಲಿ ಒಂದೇ ನಿಯಮ: ಚೆಂಡು ಯಾವಾಗಲೂ ಹೋಲಿನ ಕೆಳಮಗ್ಗುಲಲ್ಲಿ ಇರಲಿ. ಮೇಲಿನಿಂದ ತಟ್ಟಿದ ಪಟ್ ಗ್ರೀನ್ ದಾಟಿ ಹೋಗಬಹುದು. 16ರಲ್ಲಿ ಕಂದಕ ದಾಟಿ ಮೆಟ್ಟಿಲು ಮೆಟ್ಟಿಲಾದ ಗ್ರೀನಿಗೆ ಹೊಡೆಯಬೇಕು, ಎರಡನೇ ಹೊಡೆತಕ್ಕೆ ದೂರ ಜಾಸ್ತಿ ಉಳಿದಿದ್ದರೆ ಕಂದಕದ ಈಚೆಗೇ ನಿಲ್ಲಿಸುವುದು ಜಾಣತನ.

ಪೆಬಲ್ ಬೀಚ್‌ಗೆ ಗ್ರೀನ್ ಫೀ (ಆಟದ ಶುಲ್ಕ) 600 ಡಾಲರ್ ದಾಟಿದೆ, ಹೋಟೆಲಿನಲ್ಲಿ ಉಳಿಯದವರಿಗೆ ಸಾಮಾನ್ಯವಾಗಿ ಹಿಂದಿನ ದಿನವಷ್ಟೇ ಬುಕಿಂಗ್. ಕಡಲ ದಂಡೆಯ ಹೋಲ್‌ಗಳು ನಿಜಕ್ಕೂ ಅಪೂರ್ವ. ಆದರೂ ಒಂದು ಸುತ್ತಿಗೆ 100 ಹೊಡೆತ ದಾಟುವವರಿಗೆ ಆ ಹಣದಲ್ಲಿ ಪೆಸಿಫಿಕ್ ಗ್ರೋವ್‌ಗೆ ಹಲವು ಸಲ ಹೋಗಿಬರುವುದೇ ಲಾಭ.

ಬುಕಿಂಗ್ ಮತ್ತು ನಡವಳಿಕೆ

ಟೀ ಟೈಮನ್ನು ಕೋರ್ಸಿನ ಸ್ವಂತ ಸೈಟಿನಲ್ಲೇ ತೆಗೆದುಕೊಳ್ಳಿ, ರದ್ದತಿಯ ಗಡುವು ಓದಿ. ನಾಲ್ವರ ಗುಂಪಿಗೆ 18 ಹೋಲ್‌ಗೆ ನಾಲ್ಕೂವರೆ ಗಂಟೆ ಹಿಡಿಯಿರಿ, ಶನಿವಾರ ಐದು. ಜೂನ್ ಕೊನೆಗೆ ಸೂರ್ಯ ಮುಳುಗುವುದು ಸಂಜೆ ಎಂಟೂವರೆ ಸುಮಾರಿಗೆ, ಮೂರಕ್ಕೆ ಶುರು ಮಾಡಿದರೂ ಮುಗಿಯುತ್ತದೆ. ಡಿಸೆಂಬರಿನಲ್ಲಿ ಐದಕ್ಕೇ ಕತ್ತಲು, ಹನ್ನೆರಡರ ಮೇಲಿನ ಟೀ ಟೈಮ್ ತೆಗೆದುಕೊಂಡರೆ ಕೊನೆಯ ಹೋಲ್‌ಗಳು ಸಿಗುವುದೇ ಅನುಮಾನ.

ಊರಿನ ಕ್ಲಬ್ಬುಗಳಲ್ಲಿ ಕ್ಯಾಡಿಯ (ಚೀಲ ಹೊರುವ ಸಹಾಯಕ) ಜೊತೆ ಆಡಿ ಅಭ್ಯಾಸವಿದ್ದವರು ಇಲ್ಲಿ ಎಲ್ಲವನ್ನೂ ತಾವೇ ಮಾಡಬೇಕು. ಬಂಕರಿನಿಂದ ಹೊರಬರುವಾಗ ಹೆಜ್ಜೆ ಗುರುತಿನ ಮೇಲೆ ರೇಕ್ ಎಳೆಯಿರಿ. ಕಿತ್ತುಬಂದ ಹುಲ್ಲಿನ ಗುಂಡಿಗೆ ಕಾರ್ಟಿನಲ್ಲಿಟ್ಟ ಬಾಟಲಿಯಿಂದ ಮರಳು ಸುರಿಯಿರಿ. ಗ್ರೀನ್ ಮೇಲೆ ಚೆಂಡು ಬಿದ್ದ ಕುಳಿಯನ್ನು ಅಂಚುಗಳಿಂದ ನಡುವಿಗೆ ತಳ್ಳಿ ಮುಚ್ಚಿ. ಬುಡದಿಂದ ಮೇಲಕ್ಕೆ ಎತ್ತಿದರೆ ಬೇರು ಹರಿದು ಆ ಜಾಗ ಒಣಗುತ್ತದೆ. ಕಳೆದ ಚೆಂಡನ್ನು ಹುಡುಕಲು ನಿಯಮ ಕೊಡುವುದು ಮೂರೇ ನಿಮಿಷ, ಅನುಮಾನ ಬಂದಾಗ ಹೊಡೆದ ಜಾಗದಿಂದಲೇ ಇನ್ನೊಂದು ಪ್ರೊವಿಜನಲ್ (ತಾತ್ಕಾಲಿಕ) ಚೆಂಡು ಹೊಡೆದು ಮುಂದೆ ಹೋಗಿ.