ಮುಷ್ಟಿ ಬಿಚ್ಚಿದರೆ ಉದುರಬೇಕು: ಕುಂಡದಲ್ಲಿ ಫ್ರೇರಿಯಾ

ಬೆಳಗಾವಿಯ ಉದ್ಯಮಬಾಗದ ಲೋಹ ಎರಕದ ಫೌಂಡ್ರಿಯೊಂದರಲ್ಲಿ ಮೂವತ್ತೊಂದು ವರ್ಷ ಅಚ್ಚಿನ ಮರಳು ಹದ ಮಾಡಿದವನು ನಾನು. ಹಿಡಿ ಮರಳನ್ನು ಹಿಂಡಿ ಮುಷ್ಟಿ ಬಿಚ್ಚಿದಾಗ ಉಂಡೆ ನಿಂತರೆ ಹದ ಬಂದಂತೆ. ಫ್ರೇರಿಯಾ ಇಂಡಿಕಾ ಎಂಬ ಗಿಡ ನೆಡುವಾಗ ಮಾತ್ರ ಈ ಲೆಕ್ಕ ತಿರುವುಮುರುವು: ಬೆರಳು ಸಡಿಲಿಸಿದೊಡನೆ ಎಲ್ಲ ಉದುರಿಹೋಗಬೇಕು.

ದಪ್ಪ ಕಾಂಡದ ಈ ಕಿರುಪೊದೆಯ ತವರು ಮಹಾರಾಷ್ಟ್ರದ ಸಹ್ಯಾದ್ರಿಯ ಕೆಲವೇ ಬೆಟ್ಟಗಳು. ಶಿವನೇರಿ, ಪುರಂದರ, ಸಜ್ಜನಗಡದಂಥ ಕೋಟೆಗಳಿರುವ ಕಡೆ ಕಡಿದಾದ ಬಂಡೆಯ ಬಿರುಕುಗಳಲ್ಲಿ ಜೋತುಬಿದ್ದು ಬೆಳೆಯುತ್ತದೆ. 1865ರಲ್ಲಿ ಇದನ್ನು ದಾಖಲಿಸಿದ ಸಸ್ಯವಿಜ್ಞಾನಿ ಡಾಲ್ಜೆಲ್, ಮುಂಬಯಿ ಗವರ್ನರ್ ಬಾರ್ಟಲ್ ಫ್ರೇರ್ ಅವರ ಹೆಸರಿಟ್ಟ. ಆಗ ನಮ್ಮ ಬೆಳಗಾವಿಗೂ ಅವರೇ ಗವರ್ನರ್. ಅಳಿವಿನಂಚಿನ ಗಿಡವಿದು. ಕೋಟೆ ನೋಡಲು ಹೋದವರು ಟೊಂಗೆ ಮುರಿದು ತರಬೇಡಿ. ಮನೆಯಲ್ಲಿ ಬೆಳೆಸಿದವರ ಬಳಿ ಗೇಣುದ್ದದ ತುಂಡು ಕೇಳಿ ಪಡೆಯಿರಿ.

ತಂದ ದಿನವೇ ನೆಡಬಾರದು. ಕೊಯ್ದ ಬಾಯಿ ಒಣಗಿ ಸಿಪ್ಪೆ ಕಟ್ಟುವ ತನಕ, ಸುಮಾರು ಒಂದು ವಾರ, ನೆರಳಲ್ಲಿಡಿ. ಅಷ್ಟರಲ್ಲಿ ಜಂಬಿಟ್ಟಿಗೆ ಕಲ್ಲು ಕುಟ್ಟಿ, ಜರಡಿ ಹಿಡಿದು, ಜೋಳದ ಕಾಳಿನಷ್ಟು ದಪ್ಪದ ಚೂರುಗಳನ್ನು ಉಳಿಸಿಕೊಳ್ಳಿ. ಧೂಳು ಬೇಡವೇ ಬೇಡ. ಮೂರು ಪಾಲು ಚೂರಿಗೆ ಒಂದು ಪಾಲು ಎಲೆಗೊಬ್ಬರ ಸಾಕು.

ಮರಳಿನ ವಿಷಯ ನನಗೆ ಯಾರು ಹೇಳಬೇಕು ಎಂಬ ಜಂಬದಿಂದ ಮೊದಲ ಸಲ ಫೌಂಡ್ರಿಯ ಹಳೆಯ ಮರಳನ್ನೇ ತುಂಬಿದ್ದೆ. ಅದರಲ್ಲಿದ್ದ ಬೆಂಟೋನೈಟ್ ಜೇಡಿ ಹೀರಿದ ನೀರನ್ನು ಬಿಟ್ಟುಕೊಡಲೇ ಇಲ್ಲ. ಜುಲೈ ತಿಂಗಳ ಜಿಟಿಜಿಟಿ ಮಳೆಗೆ ಕಾಂಡದ ಬುಡ ಸುಟ್ಟ ಬದನೆಕಾಯಿಯಂತೆ ಮೆತ್ತಗಾಗಿತ್ತು. ಮುಟ್ಟಿದರೆ ಸಿಪ್ಪೆ ಬೆರಳಿಗಂಟಿ ಬಂತು. ಮೇಲಿನ ಎಲೆಗಳು ಮಾತ್ರ ಇನ್ನೂ ಹಸಿರು! ನಿಮಗೂ ಹೀಗಾದರೆ ಗಟ್ಟಿಯಿರುವ ತುದಿಯನ್ನು ಕತ್ತರಿಸಿ ಮತ್ತೆ ಒಣಗಿಸಿ.

ತವರಿನಲ್ಲಿಯೂ ಮಳೆಗೇನು ಬರವಿಲ್ಲ, ಆದರೆ ಬಂಡೆಯ ಮೇಲೆ ನೀರು ನಿಲ್ಲುವುದಿಲ್ಲ. ಅದಕ್ಕೇ ನಾನು ಕುಂಡದ ಒಂದು ಬದಿಗೆ ಹಂಚಿನ ತುಂಡು ಕೊಟ್ಟು ವಾಲಿಸಿ, ಸೂರಿನ ಕೆಳಗೆ ಬೆಳಗಿನ ಬಿಸಿಲಿಗೆ ಇಡುತ್ತೇನೆ.

ಮಳೆಗಾಲದ ಕೊನೆಗೆ ಐದು ಮೂಲೆಯ ನಕ್ಷತ್ರದಂಥ, ಹಳದಿ ಗೀರುಗಳ ಕಡುಗೆಂಪು ಹೂ ಬಿಡುತ್ತದೆ. ಮೂಸಬೇಡಿ, ಅದು ನೊಣಗಳನ್ನು ಕರೆಯುವ ವಾಸನೆ. ದೇವರ ಮನೆಗೆ ಈ ಹೂವಿಗೆ ನನ್ನ ಹೆಂಡತಿಯ ಅಪ್ಪಣೆಯಿಲ್ಲ.

ಬೇಸಿಗೆಯಲ್ಲಿ ಎಲೆಯೆಲ್ಲ ಉದುರಿ ಬೂದುಬಣ್ಣದ ಕಡ್ಡಿಗಳಷ್ಟೇ ಉಳಿಯುತ್ತವೆ. ಒಣಗಿತೆಂದು ಗಾಬರಿಯಾಗಿ ನೀರು ಸುರಿಯಬೇಡಿ. ಹದಿನೈದು ದಿನಕ್ಕೊಮ್ಮೆ, ಚಹಾ ಲೋಟದಲ್ಲಿ ಅರ್ಧ.