ಎಂಆರ್‌ಐ ಚಿತ್ರದಲ್ಲಿ ಮೆದುಳಿನ ಗಡ್ಡೆಯನ್ನು ಗುರುತಿಸುವ ಕ್ರಮ

ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎಂಆರ್‌ಐ ಚಿತ್ರದಲ್ಲಿ ಮೆದುಳಿನ ಗಡ್ಡೆಯನ್ನು ಕಂಪ್ಯೂಟರ್ ಪ್ರೋಗ್ರಾಂನಿಂದ ಗುರುತಿಸುವ ವಿಷಯವನ್ನು ಅಂತಿಮ ವರ್ಷದ ಪ್ರಾಜೆಕ್ಟಿಗೆ ಆರಿಸಿಕೊಂಡವರು ಕೋಡ್ ಬರೆಯುವ ಮುನ್ನ ಒಂದೆರಡು ದಿನ ಚಿತ್ರಗಳನ್ನಷ್ಟೇ ನೋಡಬೇಕು. ಒಬ್ಬನೇ ರೋಗಿಯ ಟಿ1, ಕಾಂಟ್ರಾಸ್ಟ್ ಕೊಟ್ಟ ಟಿ1, ಟಿ2 ಮತ್ತು ಫ್ಲೇರ್ ಚಿತ್ರಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ಇವು ಒಂದೇ ಮೆದುಳನ್ನು ಯಂತ್ರದ ಬೇರೆ ಬೇರೆ ಹೊಂದಿಕೆಗಳಲ್ಲಿ ತೆಗೆದ ಎಂಆರ್‌ಐ ಬಗೆಗಳು. ಫ್ಲೇರ್‌ನಲ್ಲಿ ಮೆದುಳಿನ ದ್ರವ ಕಪ್ಪಾಗಿಯೂ ಗಡ್ಡೆಯ ಸುತ್ತಲಿನ ಊತ ಬೆಳ್ಳಗೂ ಕಾಣುತ್ತದೆ. ಕಾಂಟ್ರಾಸ್ಟ್ ಚಿತ್ರದಲ್ಲಿ ರಕ್ತನಾಳಕ್ಕೆ ಚುಚ್ಚಿದ ಗ್ಯಾಡೊಲಿನಿಯಂ ಎಂಬ ಕಾಂಟ್ರಾಸ್ಟ್ ಔಷಧ ಸೋರಿದ ಕಡೆ ಗಡ್ಡೆಯ ಅಂಚು ಉಂಗುರದಂತೆ ಹೊಳೆಯುವುದುಂಟು. ಹಾಗೆ ಹೊಳೆಯದ ಗಡ್ಡೆಗಳೂ ಇರುವುದರಿಂದ ಒಂದೇ ಬಗೆಯ ಚಿತ್ರವನ್ನು ನೆಚ್ಚಬಾರದು.

ಸಿಟಿ ಸ್ಕ್ಯಾನಿನ ಪ್ರತಿ ಬಿಂದುವಿನ (ಪಿಕ್ಸೆಲ್) ಬೆಲೆಗೆ ಹೌನ್ಸ್‌ಫೀಲ್ಡ್ ಎಂಬ ನಿಶ್ಚಿತ ಅಳತೆಯಿದೆ, ಎಂಆರ್‌ಐಗೆ ಅಂಥದ್ದಿಲ್ಲ. ಹುಬ್ಬಳ್ಳಿಯ ಯಂತ್ರವೊಂದರಲ್ಲಿ 400 ಎಂದು ಬಂದ ಅಂಗಾಂಶವೇ ಗದಗಿನ ಯಂತ್ರದಲ್ಲಿ 900 ಎಂದು ಬರಬಹುದು. ಆದ್ದರಿಂದ ತಲೆಬುರುಡೆಯ ಭಾಗವನ್ನು ತೆಗೆದು, ಎನ್4 ಎಂಬ ಸಿದ್ಧ ಗಣಿತ ವಿಧಾನದಿಂದ ಚಿತ್ರದ ಹೊಳಪಿನ ಏರುಪೇರನ್ನು ಸರಿಪಡಿಸಿ, ಮೆದುಳಿನ ಬಿಂದುಗಳ ಸರಾಸರಿ ಮತ್ತು ವಿಚಲನೆಯಿಂದ ಬೆಲೆಗಳನ್ನು ಒಂದೇ ಮಟ್ಟಕ್ಕೆ ತರಬೇಕು. ಚಿತ್ರದ ಚುಕ್ಕೆಗಲಾಟೆ ತೆಗೆಯಲು ಪ್ರತಿ ಬಿಂದುವಿಗೆ ಅದರ ನೆರೆಬಿಂದುಗಳ ನಡುಬೆಲೆ ಕೊಡುವ ಮೀಡಿಯನ್ ಫಿಲ್ಟರ್ ಬಳಸುವುದಾದರೆ 3×3 ಬಿಂದುಗಳ ಚೌಕ ಸಾಕು. ದೊಡ್ಡದಾದರೆ ಸಣ್ಣ ಗಡ್ಡೆಯೇ ಅಳಿಸಿಹೋದೀತು.

ಗಡ್ಡೆಯನ್ನು ಬೇರ್ಪಡಿಸಲು ಮೊದಲು 1979ರ ಓಟ್ಸು ಥ್ರೆಶೋಲ್ಡ್ ಪ್ರಯತ್ನಿಸಿ; ಅದು ಹೊಳಪಿನ ಒಂದು ಗಡಿಬೆಲೆಯನ್ನು ತಾನೇ ಆರಿಸಿ ಬಿಂದುಗಳನ್ನು ಎರಡು ಗುಂಪು ಮಾಡುತ್ತದೆ. ಬುರುಡೆ ತೆಗೆಯದ ಚಿತ್ರದಲ್ಲಿ ಅದು ನೆತ್ತಿಯ ಕೊಬ್ಬನ್ನೂ ಗಡ್ಡೆಯೊಡನೆ ಎತ್ತಿಕೊಳ್ಳುವುದನ್ನು ಕಣ್ಣಾರೆ ಕಂಡರೆ ಹಿಂದಿನ ಹಂತಗಳು ಏಕೆ ಬೇಕೆಂಬುದು ಮನದಟ್ಟಾಗುತ್ತದೆ. ಆಮೇಲೆ, ಗುರುತು ಹಾಕಿದ ಚಿತ್ರಗಳಿಂದ ತಾನೇ ಕಲಿಯುವ ನ್ಯೂರಲ್ ನೆಟ್‌ವರ್ಕ್ ಆದ 2015ರ ಯು-ನೆಟ್‌ಗೆ ಹೋಗಬಹುದು. ಕಲಿಕೆಗೆ ಬ್ರಾಟ್ಸ್ ಎಂಬ ಸ್ಪರ್ಧೆಯ 2021ರ, ಗಡ್ಡೆಗಳನ್ನು ತಜ್ಞರು ಗುರುತಿಸಿಟ್ಟ ಎಂಆರ್‌ಐ ದತ್ತಾಂಶ ಒಳ್ಳೆಯದು: ಪ್ರತಿ ಸ್ಕ್ಯಾನ್ 240×240×155 ಬಿಂದುಗಳಷ್ಟಿದ್ದು, ಬುರುಡೆಯನ್ನು ಮೊದಲೇ ತೆಗೆದಿರುತ್ತಾರೆ.

ಹೆಚ್ಚಿನವರು ಎಡವುವುದು ದತ್ತಾಂಶವನ್ನು ತರಬೇತಿಗೂ ಪರೀಕ್ಷೆಗೂ ಹಂಚುವಲ್ಲಿ. ಒಂದು ಸ್ಕ್ಯಾನ್ ಎಂದರೆ ಮೆದುಳಿನ ಅಡ್ಡಸೀಳುಗಳ, ಅಂದರೆ ಸ್ಲೈಸ್‌ಗಳ, ಸಾಲು. ಒಂದು ಮಿಲಿಮೀಟರ್ ಅಂತರದ ಎರಡು ಸ್ಲೈಸ್‌ಗಳು ಅವಳಿಗಳಂತಿರುತ್ತವೆ. ಒಬ್ಬನೇ ರೋಗಿಯ 80ನೆಯ ಸ್ಲೈಸ್ ತರಬೇತಿಗೂ 81ನೆಯದು ಪರೀಕ್ಷೆಗೂ ಹೋದರೆ, ಪ್ರೋಗ್ರಾಂ ನೋಡಿದ್ದನ್ನೇ ಮತ್ತೆ ನೋಡಿ ಪಾಸಾಗುತ್ತದೆ. ಹಾಗೆ ಬಂದ 99 ಪ್ರತಿಶತ ನಿಖರತೆಯನ್ನು ನಾನು ಒಪ್ಪುವುದಿಲ್ಲ. ಹಂಚಿಕೆ ರೋಗಿವಾರು ಆಗಲೇಬೇಕು.

ನಿಖರತೆಯ ಪ್ರತಿಶತವೂ ದಾರಿ ತಪ್ಪಿಸುತ್ತದೆ. ಗಡ್ಡೆ ಚಿತ್ರದ 2 ಪ್ರತಿಶತವಷ್ಟೇ ಇದ್ದಾಗ ‘ಗಡ್ಡೆಯೇ ಇಲ್ಲ’ ಎಂದವರಿಗೂ 98 ಅಂಕ ಸಿಗುತ್ತದೆ. ಅದರ ಬದಲು ಎರಡು ಗುರುತುಗಳು ಎಷ್ಟು ಹೊಂದುತ್ತವೆ ಎಂದು 0ಯಿಂದ 1ರವರೆಗೆ ಹೇಳುವ ಡೈಸ್ ಅಂಕ ಲೆಕ್ಕಹಾಕಿ: ಸ್ಕ್ಯಾನ್ ಓದುವ ವೈದ್ಯರಾದ ರೇಡಿಯಾಲಜಿಸ್ಟ್ 1000 ಬಿಂದು, ಪ್ರೋಗ್ರಾಂ 800 ಬಿಂದು ಗುರುತಿಸಿ, 720 ಬಿಂದು ಎರಡಕ್ಕೂ ಸಾಮಾನ್ಯವಾಗಿದ್ದರೆ, 720ರ ಎರಡರಷ್ಟಾದ 1440ನ್ನು ಎರಡೂ ಗುರುತುಗಳ ಮೊತ್ತವಾದ 1800ರಿಂದ ಭಾಗಿಸಿದಾಗ 0.8 ಬರುತ್ತದೆ.

ಆಸ್ಪತ್ರೆಯ ಸ್ಕ್ಯಾನ್ ಬೇಕಾದರೆ ನೈತಿಕ ಸಮಿತಿಯ ಅನುಮತಿ ಪಡೆಯಿರಿ ಮತ್ತು ಸ್ಕ್ಯಾನ್ ಉಳಿಸುವ ಡೈಕಾಮ್ ಎಂಬ ಕಡತದೊಳಗಿನ ರೋಗಿಯ ಹೆಸರು, ಜನ್ಮದಿನಾಂಕಗಳನ್ನು ಆಸ್ಪತ್ರೆಯಲ್ಲಿಯೇ ತೆಗೆಸಿರಿ. ಅತಿ ಕಡಿಮೆ ಡೈಸ್ ಬಂದ ಹತ್ತು ಚಿತ್ರಗಳ ಮೇಲೆ ಪ್ರೋಗ್ರಾಂ ಎಳೆದ ಗೆರೆಯನ್ನು ಮೂಡಿಸಿ ರೇಡಿಯಾಲಜಿಸ್ಟರ ಮುಂದಿಟ್ಟು, ಎಲ್ಲಿ ರಕ್ತನಾಳವನ್ನು ಗಡ್ಡೆ ಎಂದಿದೆ, ಎಲ್ಲಿ ಗಡ್ಡೆಯನ್ನು ಬಿಟ್ಟಿದೆ ಎಂದು ಒಂದೊಂದಾಗಿ ಕೇಳಿ ಬರೆದುಕೊಳ್ಳಿ.